ಭೀಮಾ ದಂಡೆಯಲ್ಲಿ ಒಂದು ಹೆಸರಿಗಾಗಿ ಏಳು ದಿನ

ನಮ್ಮ ಮನೆಯ ವಂಶಾವಳಿ ಹಾಳೆಯಲ್ಲಿ ಒಂದು ಚೌಕ ಹನ್ನೊಂದು ವರ್ಷದಿಂದ ಖಾಲಿ ಇತ್ತು. ಅಲ್ಲಿ ಅಪ್ಪನ ಅಜ್ಜಿಯ ಹೆಸರು ಬರಬೇಕಿತ್ತು. ಅವಳ ಗಂಡನ ಹೆಸರು ಗೊತ್ತು. ಮಾವನ ಹೆಸರು ಗೊತ್ತು. ಮಾವನ ಅಣ್ಣತಮ್ಮಂದಿರು ನಾಲ್ಕು ಜನ, ಅವರ ಹೆಸರೂ ಗೊತ್ತು. ಅವಳದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದ್ದೆ. "ಆಯಿ ಅಂತಿದ್ವಿ, ಅಷ್ಟೇ ನೆನಪು" ಅಂದಿದ್ದರು. ಕಲಬುರಗಿ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ, ಅಜ್ಜನಿಗೆ ಮುತ್ಯಾ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ನಿವೃತ್ತಿಯಾದ ಮೇಲೆ ಬೆಂಗಳೂರಿನಲ್ಲಿದ್ದುಕೊಂಡೇ ಹುಡುಕುತ್ತಿದ್ದೆ. ಫೋನಿನಲ್ಲಿ ಸಿಗುವುದೆಲ್ಲ ಸಿಕ್ಕಿ ಆಗಿತ್ತು. ಇನ್ನು ಊರಿಗೇ ಹೋಗಬೇಕು ಅನ್ನಿಸಿತು. ಊರು ಅಂದರೆ ಕಲಬುರಗಿ ಜಿಲ್ಲೆಯ ಭೀಮಾ ನದಿ ದಂಡೆಯ ಒಂದು ಹಳ್ಳಿ. ಅಪ್ಪನ ಮನೆಯವರು 1948ರಲ್ಲಿ, ನಿಜಾಮರ ಪರವಾಗಿದ್ದ ಸಶಸ್ತ್ರ ಪಡೆ ರಜಾಕಾರರ ಗಲಾಟೆಯಲ್ಲಿ, ಅದನ್ನು ಬಿಟ್ಟು ಬಂದವರು. ಡಿಸೆಂಬರಿನಲ್ಲಿ, ಎಳ್ಳ ಅಮವಾಸ್ಯೆಗೆ ಮುಟ್ಟುವ ಹಾಗೆ ಒಂದು ವಾರ ಇಟ್ಟುಕೊಂಡು ಹೊರಟೆ.

ಶನಿವಾರ

ರಾತ್ರಿ ರೈಲು. ಬೆಳಗಿನ ಜಾವ ರಾಯಚೂರು ದಾಟಿದ ಮೇಲೆ ಕೃಷ್ಣಾ ಬಂತು. ಕಿಟಕಿಯ ಗಾಜು ಒರೆಸಿ ನೋಡಿದೆ. ನೀರಿನ ಮೇಲೆ ಮಂಜು ಕೂತಿತ್ತು. ವಾಡಿಯಿಂದ ಮುಂದೆ ಹಳಿಯ ಪಕ್ಕದ ಗೋಡೆ, ಚಾವಣಿ, ಬೇಲಿ ಎಲ್ಲವೂ ಶಹಾಬಾದ್ ಕಲ್ಲಿನವು. ನಮ್ಮ ಬೆಂಗಳೂರಿನ ಮನೆಯಲ್ಲಿ ಅಪ್ಪ ಹಟ ಹಿಡಿದು ಅದೇ ಫರಸಿ ಹಾಕಿಸಿದ್ದರು. ಯಾಕೆ ಅಂತ ಆಗ ತಿಳಿದಿರಲಿಲ್ಲ.

ಕಲಬುರಗಿಯಲ್ಲಿ ನನ್ನ ಕಾಲೇಜಿನ ಗೆಳತಿಯ ಮನೆ. ಹೋದ ತಕ್ಷಣ ಸೂಸಲಾ, ಮಿರ್ಚಿ ಭಜಿ, ಚಹಾ. ಸಂಜೆ ಅವಳ ಜೊತೆ ಶರಣಬಸವೇಶ್ವರ ಗುಡಿಗೆ ಹೋದೆ. 1822ರಲ್ಲಿ ಲಿಂಗೈಕ್ಯರಾದ ಶರಣಬಸವಪ್ಪ ದಾಸೋಹಕ್ಕೇ ಹೆಸರಾದವರು. ಹೊಲದ ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸಬೇಡಿ ಅಂದು, ಅವಕ್ಕೆ ನೀರು ಇಡಿಸಿದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಗೆಳತಿ ಗುಡಿಯಲ್ಲಿ ತಿಂಗಳಿಗೆರಡು ಸಲ ಸೇವೆ ಮಾಡುತ್ತಾಳೆ. ನಾನೂ ಕೂತು ಕಾಯಿಪಲ್ಯ ಹೆಚ್ಚಿದೆ. ಪಕ್ಕದಲ್ಲಿ ಕೂತ ಅಜ್ಜಿ ನನ್ನ ಮುಖ ನೋಡಿ ಕೇಳಿದ ಮೊದಲ ಮಾತು: "ನೀವು ಯಾರ ಪೈಕಿರಿ?"

ಈ ಪ್ರಶ್ನೆ ನನಗೆ ತುಂಬಾ ಇಷ್ಟ. ಬೆಂಗಳೂರಿನಲ್ಲಿ ಏನು ಕೆಲಸ ಮಾಡ್ತೀರಿ ಅಂತ ಕೇಳುತ್ತಾರೆ. ಇಲ್ಲಿ ಯಾರ ಪೈಕಿ ಅಂತ ಕೇಳುತ್ತಾರೆ. ಉತ್ತರ ಹೇಳಿದರೆ ಸಾಕು, ಅವರೇ ನಾಲ್ಕು ಊರು ಸುತ್ತಿ ಬಂದು ನಮಗೂ ಅವರಿಗೂ ಒಂದು ಎಳೆ ಹಿಡಿದುಬಿಡುತ್ತಾರೆ. ಆ ಅಜ್ಜಿಗೆ ನಮ್ಮ ಊರು ಗೊತ್ತಿತ್ತು. ಮನೆ ಗೊತ್ತಿರಲಿಲ್ಲ.

ಭಾನುವಾರ

ಕಚೇರಿಗೆ ರಜೆ. ಹಾಗಾಗಿ ಬೀದರ್‌ಗೆ ಹೋದೆ. ಕಲಬುರಗಿ–ಬೀದರ್ ರೈಲು ಮಾರ್ಗ ಶುರುವಾದದ್ದು 2017ರಲ್ಲಿ. ದಾರಿಯಲ್ಲಿ ಹುಮನಾಬಾದ್‌ನಲ್ಲಿ ಇಳಿದೆ. ನಮ್ಮ ಮನೆದೇವರು ಅಲ್ಲಿಯ ವೀರಭದ್ರ. ವಂಶಾವಳಿ ಹುಡುಕುವವರು ಮನೆದೇವರನ್ನು ಹಗುರ ಮಾಡಬಾರದು ಅನ್ನುವುದು ನನ್ನ ಅನುಭವ. ಊರು ಬದಲಾಗುತ್ತದೆ, ಅಡ್ಡಹೆಸರು ಬದಲಾಗುತ್ತದೆ. ಮನೆದೇವರು ಅಷ್ಟು ಸುಲಭವಾಗಿ ಬದಲಾಗಲ್ಲ. ಭೀಮಾ ದಂಡೆಯ ಒಕ್ಕಲುಮನೆಗೆ ಇಷ್ಟು ದೂರದ ದೇವರು ಯಾಕೆ? ಯಾವುದೋ ಕಾಲದಲ್ಲಿ ಈ ಕಡೆಯಿಂದ ಅತ್ತ ಹೋಗಿರಬೇಕು. ಕಾಯಿ ಒಡೆಸಿ, ಸ್ವಲ್ಪ ಹೊತ್ತು ಸುಮ್ನೆ ಕೂತು ಬಸ್ ಹಿಡಿದೆ.

ಬೀದರ್ ನೋಡಲು ಒಂದು ದಿನ ಏನಕ್ಕೂ ಸಾಲಲ್ಲ. ಕೋಟೆಯನ್ನು ಹೊರಗಿನಿಂದಲೇ ನೋಡಿದೆ. 1472ರ ಮಹಮೂದ್ ಗವಾನ್ ಮದರಸಾದ ಮುಂದೆ ಹತ್ತು ನಿಮಿಷ ನಿಂತೆ. ಉಳಿದ ಸಮಯವೆಲ್ಲ ಅಷ್ಟೂರಿಗೆ. ಊರಿಂದ ಸುಮಾರು ಮೂರು ಕಿಲೋಮೀಟರ್. ಬಹಮನಿ ಸುಲ್ತಾನರ ಗುಮ್ಮಟಗಳು ಅಲ್ಲಿ ಸಾಲಾಗಿ ನಿಂತಿವೆ. ನನಗೆ ಬೇಕಾಗಿದ್ದು ಅಹಮದ್ ಶಾಹ ವಲಿಯ ಗುಮ್ಮಟ. ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದವನು ಅವನೇ.

ಒಳಗೆ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಬಣ್ಣಗಳು ಒಂದೊಂದಾಗಿ ಮೇಲೆ ಬಂದವು. ಕೆಂಪು, ನೀಲಿ, ಬಂಗಾರ. ಆ ಗೋಡೆಯ ಬರಹದಲ್ಲಿ ಶಜರಾ ಇದೆ. ಶಜರಾ ಅಂದರೆ ಮರ. ಗುರುವಿನಿಂದ ಶಿಷ್ಯನಿಗೆ, ಶಿಷ್ಯನಿಂದ ಅವನ ಶಿಷ್ಯನಿಗೆ ಇಳಿದು ಬಂದ ಹೆಸರುಗಳ ಸಾಲು. ಅಹಮದ್ ಶಾಹ ನಂಬಿದ್ದ ಕಿರ್ಮಾನಿನ ಸೂಫಿ ಶಾಹ ನಿಯಾಮತುಲ್ಲಾ ಅವರ ಗುರುಪರಂಪರೆ ಅದು. ನನ್ನ ಹಾಳೆಯಲ್ಲಿ ರಕ್ತದ ಮರ, ಇಲ್ಲಿ ಗೋಡೆಯ ಮೇಲೆ ಗುರುವಿನ ಮರ. ಲಿಂಗಾಯತ ಮಠಗಳಲ್ಲೂ ಇಂಥದ್ದೇ ಗುರುಪರಂಪರೆ ಬರೆದಿಡುತ್ತಾರೆ, ಅಲ್ವಾ? ಈ ಸುಲ್ತಾನನ ಉರುಸಿಗೆ ಕಲಬುರಗಿ ಜಿಲ್ಲೆಯ ಮಡಿಯಾಳದಿಂದ ಜಂಗಮರು ಬರುತ್ತಾರೆ. ಎರಡು ಮರಗಳ ಟೊಂಗೆ ಒಂದೇ ಅಂಗಳದಲ್ಲಿ ಕೂಡಿಕೊಂಡ ಹಾಗೆ ನನಗೆ ಕಂಡಿತು.

ವಾಪಸ್ ಬರುವಾಗ ಊರಲ್ಲಿ ಒಂದು ಬಿದ್ರಿ ಅಂಗಡಿ. ಸತು ಮತ್ತು ತಾಮ್ರದ ಎರಕದ ಮೇಲೆ ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೆಯ ಮಣ್ಣು ಹಾಕಿ ಕುದಿಸಿದರೆ ಎರಕ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಅತ್ತೆಗೆ ಅಂತ ಚಿಕ್ಕ ಕುಂಕುಮದ ಭರಣಿ ಕೊಂಡೆ. ಅತ್ತೆ ಅಂದರೆ ಅಪ್ಪನ ತಂಗಿ. ಎಂಬತ್ತೈದು ವರ್ಷ, ಹುಬ್ಬಳ್ಳಿಯಲ್ಲಿ ಮಗನ ಮನೆಯಲ್ಲಿದ್ದಾರೆ. ನಾವೆಲ್ಲ ಅವರನ್ನು ಅವ್ವಕ್ಕತ್ತೆ ಅಂತ ಕರೆಯುತ್ತೇವೆ.

ಸೋಮವಾರ

ದಾಖಲೆ ಕೋಣೆಯ ದಿನ. ಮೊದಲ ಸಲ ಹೋಗುವವರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಈ ಕಡೆಯ ಹಳೆ ಕಾಗದಗಳು ಮೈಸೂರು ಸೀಮೆಯವುಗಳ ಹಾಗಲ್ಲ. 1948ರ ಸೆಪ್ಟೆಂಬರಿನವರೆಗೆ ಇದು ನಿಜಾಮರ ರಾಜ್ಯ, 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯ. ಆಡಳಿತದ ಭಾಷೆ ಉರ್ದು. ಬೀದರ್, ಭಾಲ್ಕಿ ಕಡೆ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯ ಕಾಗದಗಳೂ ಇರುತ್ತವೆ. ತಾಲ್ಲೂಕಿನ ಹೆಸರೂ ಬದಲಾಗಿದೆ. ಈಗಿನ ಜೇವರ್ಗಿ ಕಡೆಯ ಹಳ್ಳಿಗಳನ್ನು ಆಗಿನ ಕಾಗದಗಳಲ್ಲಿ ಅಂದೋಲಾ ತಾಲ್ಲೂಕು ಅಂತ ಹುಡುಕಬೇಕು. ಯಾದಗಿರಿ ಬೇರೆ ಜಿಲ್ಲೆ ಆದದ್ದಂತೂ ಮೊನ್ನೆ ಮೊನ್ನೆ.

ಮತ್ತೆ ಹೆಸರಿನ ನಡುವಿನ ಪದಗಳು. ಈಗಿನ ಪಹಣಿಯಲ್ಲಿ 'ತಂದೆ' ಅಂತ ಬರುವ ಜಾಗದಲ್ಲಿ ಹಳೆಯದರಲ್ಲಿ 'ವಲ್ದ್' ಇರುತ್ತದೆ. ಹೆಣ್ಣುಮಗಳಾದರೆ 'ಜೌಜೆ', ಅಂದರೆ ಇಂಥವರ ಹೆಂಡತಿ. ಗಂಡ ತೀರಿದ್ದರೆ 'ಬೇವಾ'. ನಾನು ಬಂದದ್ದು ಈ ಕೊನೆಯ ಪದಕ್ಕಾಗಿ. ನಮ್ಮ ಮುತ್ತಜ್ಜ 1918ರ ದೊಡ್ಡ ಜ್ವರದ ಬ್ಯಾನಿಯಲ್ಲಿ ಹೋದರು ಅಂತ ಮನೆಯಲ್ಲಿ ಹೇಳುತ್ತಿದ್ದರು. ಆಗ ನನ್ನ ಅಜ್ಜ ಇನ್ನೂ ಹುಡುಗ. ಹಾಗಾದರೆ ಹೊಲ ಕೆಲವು ವರ್ಷವಾದರೂ ಮುತ್ತಜ್ಜಿಯ ಹೆಸರಿಗೆ ಬಂದಿರಬೇಕಲ್ಲ? ಮನೆಯ ಮಾತಿನಲ್ಲಿ ಹೆಂಗಸರ ಹೆಸರು ಕಳೆದುಹೋಗಬಹುದು. ಕಂದಾಯ ಕಟ್ಟುವವರ ಹೆಸರನ್ನು ಸರ್ಕಾರ ಬಿಡಲ್ಲ.

ನಮ್ಮ ಹೊಲದ ಸರ್ವೆ ನಂಬರ್ ಇಟ್ಟುಕೊಂಡು ಅರ್ಜಿ ಕೊಟ್ಟೆ. 1954–55ರ ಖಾಸ್ರಾ ಪಹಣಿ ಬೇಗ ಸಿಕ್ಕಿತು. ಅದರಲ್ಲಿ ಅಜ್ಜನ ಹೆಸರು. ಅದಕ್ಕಿಂತ ಹಿಂದಿನ ಉರ್ದು ಕಟ್ಟುಗಳನ್ನು ತೆಗೆಯಬೇಕು, ಗುರುವಾರ ಬನ್ನಿ ಅಂದರು. ಸರಿ ಅಂದೆ. ಆ ಕಟ್ಟುಗಳನ್ನು ನೋಡಿದರೆ ಅವಸರ ಮಾಡಲು ಮನಸ್ಸು ಬರಲ್ಲ. ಹಾಳೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಇಂಥವನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಇನ್ನೂ ಹತ್ತು ವರ್ಷ ಮೊದಲೇ ಆಗಬೇಕಿತ್ತು ಈ ಕೆಲಸ.

ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಗ ಒಬ್ಬ ತಾಯಿ ಅರ್ಜಿ ಹಿಡಿದುಕೊಂಡು ಬಂದರು. ವಂಶಾವಳಿ ಪ್ರಮಾಣಪತ್ರ ಬೇಕಿತ್ತು, ಗಂಡ ಸತ್ತ ಮೇಲೆ ಹೊಲದ ಖಾತೆ ಬದಲಿಸಲು. ಯಾರ ಕೆಳಗೆ ಯಾರು ಅಂತ ಬರೆಯಲು ಅವರಿಗೆ ತೊಡಕಾಗಿತ್ತು. ಬರೆದುಕೊಟ್ಟೆ. ಅವರ ಹಿಂದೆ ಇನ್ನೊಬ್ಬರು ಬಂದರು, ಅವರ ಹಿಂದೆ ಇನ್ನಿಬ್ಬರು. ಸಂಜೆವರೆಗೆ ಒಂಬತ್ತು ಜನಕ್ಕೆ ಬರೆದೆ. ನನಗೆ ಇದು ಹವ್ಯಾಸ. ಅವರಿಗೆ ಅದೇ ಮರ ಹೊಟ್ಟೆಪಾಡಿನ ಕಾಗದ. ಒಂಬತ್ತರಲ್ಲಿ ಎರಡರಲ್ಲಿ ಮನೆಯ ಹೆಣ್ಣುಮಕ್ಕಳನ್ನು ಸೇರಿಸಿರಲಿಲ್ಲ. ಮದುವೆಯಾಗಿ ಹೋದವರನ್ನೂ ಬರೆಯಬೇಕು, 2005ರಿಂದ ಅವರಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಹೇಳಿದೆ. ಒಬ್ಬರು ಸುಮ್ಮನೆ ತಲೆಯಾಡಿಸಿ ಸೇರಿಸಿದರು. ಇನ್ನೊಬ್ಬರು ಮನೆಯಲ್ಲಿ ಕೇಳಿ ಬರುತ್ತೇನೆ ಅಂತ ಹೋದರು.

ಮಂಗಳವಾರ

ಬೆಳಿಗ್ಗೆ ಊರಿಗೆ. ಕಟ್ಟಿಸಂಗಾವಿ ಸೇತುವೆಯ ಮೇಲೆ ಬಸ್ ಭೀಮಾ ದಾಟಿತು. ಎರಡೂ ಕಡೆ ಕಪ್ಪು ಎರೆ ಹೊಲ. ತೊಗರಿ ಒಣಗಿ ಕೊಯ್ಲಿಗೆ ಬಂದಿತ್ತು. ಬಿಳಿಜೋಳ ಮೊಣಕಾಲು ದಾಟಿತ್ತು.

ಊರಲ್ಲಿ ನಮ್ಮ ದಾಯಾದಿಗಳ ಒಂದು ಮನೆ ಉಳಿದಿದೆ. ಅಪ್ಪನಿಗೆ ಅಣ್ಣತಮ್ಮಂದಿರ ಮಕ್ಕಳ ಪೈಕಿ. ನನಗೆ ಅವರು ಅಣ್ಣ, ಅವರ ಹೆಂಡತಿ ವೈನಿ. ಹನ್ನೊಂದು ವರ್ಷದಿಂದ ಫೋನಿನಲ್ಲಿ ಮಾತಾಡಿದ್ದೇವೆ, ಮುಖ ನೋಡಿದ್ದು ಇದೇ ಮೊದಲು. ವೈನಿ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟು ನನ್ನ ಗಲ್ಲ ಹಿಡಿದು ನೋಡಿದರು. "ನಮ್ಮ ಮನಿ ಮೂಗು ಅದ" ಅಂದರು.

ಊಟ ಮುಗಿಸಿ ಶಾಲೆಗೆ ಹೋದೆವು. ಅಪ್ಪ ಓದಿದ ಶಾಲೆ. ಹಳೆ ದಾಖಲಾತಿ ರಿಜಿಸ್ಟರನ್ನು ಈಗಿನ ಮುಖ್ಯೋಪಾಧ್ಯಾಯಿನಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದಾರೆ. ಅದಕ್ಕೇ ಅವರಿಗೆ ಕೈ ಮುಗಿಯಬೇಕು. ಅಪ್ಪನ ಹೆಸರು ಸಿಕ್ಕಿತು. ಸೇರಿದ ದಿನ ಅಮರ್ದಾದ್ ತಿಂಗಳು, 1349 ಫಸಲಿ.

ಫಸಲಿ ಅಂದರೆ ನಿಜಾಮರ ಆಡಳಿತದ ಕಂದಾಯ ವರ್ಷ. ಅದನ್ನು ಇಸವಿಗೆ ತರುವ ಲೆಕ್ಕ ಸ್ವಲ್ಪ ಜಾಗ್ರತೆಯಿಂದ ಮಾಡಬೇಕು. ಎಲ್ಲರೂ 590 ಕೂಡಿಸಿ ಅನ್ನುತ್ತಾರೆ. ಹಾಗೆ ಮಾಡಿದರೆ 1939 ಬರುತ್ತದೆ. ಆದರೆ ಹೈದರಾಬಾದಿನ ಫಸಲಿ ವರ್ಷ ಆಗ ಅಕ್ಟೋಬರಿನಲ್ಲಿ ಆಜರ್ ತಿಂಗಳಿಂದ ಶುರುವಾಗುತ್ತಿತ್ತು. ಆಜರ್, ದೈ, ಬಹಮನ್, ಇಸ್ಫಂದಾರ್ ಹೀಗೆ ಎಣಿಸಿದರೆ ಅಮರ್ದಾದ್ ಒಂಬತ್ತನೆಯದು. ಅಂದರೆ ಸುಮಾರು ಜೂನ್. ಜನವರಿಯಿಂದ ಮುಂದಿನ ತಿಂಗಳುಗಳಿಗೆ 591 ಕೂಡಿಸಬೇಕು. ಅಪ್ಪ ಶಾಲೆ ಸೇರಿದ್ದು 1940ರ ಜೂನ್. ನನ್ನ ಹಾಳೆಯಲ್ಲಿ ಇಷ್ಟು ದಿನ 1939 ಅಂತಿತ್ತು. ಅಲ್ಲೇ ತಿದ್ದಿದೆ. ಆರು ವರ್ಷದ ಅಪ್ಪ ಕಣ್ಣ ಮುಂದೆ ಬಂದು ನಿಂತರು.

ಮುಖ್ಯೋಪಾಧ್ಯಾಯಿನಿ ಬಿಡಲಿಲ್ಲ. ಮಕ್ಕಳಿಗೆ ಏನಾದರೂ ಹೇಳಿ ಅಂದರು. ಐದನೇ ತರಗತಿ, ಇಪ್ಪತ್ತಾರು ಮಕ್ಕಳು. ಹಲಗೆಯ ಮೇಲೆ ಒಂದು ಮರ ಬರೆದೆ. ನೀವು, ಅಪ್ಪ, ಅವ್ವ, ಮುತ್ಯಾ, ಆಯಿ. ಎರಡೂ ಕಡೆಯ ಆಯಿ. ಬರೆಯಿರಿ ಅಂದೆ. ಅಜ್ಜಂದಿರ ಹೆಸರು ಪಟಪಟ ಬಂತು. ಆಯಿಯ ಚೌಕದಲ್ಲಿ ಹದಿನೇಳು ಮಕ್ಕಳು 'ಆಯಿ' ಅಂತಲೇ ಬರೆದಿದ್ದರು. ಮನೆಯಲ್ಲಿ ಕೇಳಿಕೊಂಡು ಬನ್ನಿ, ನಾಳೆ ಮತ್ತೆ ಬರುತ್ತೇನೆ ಅಂದೆ.

ಮಧ್ಯಾಹ್ನದ ಮೇಲೆ ವೈನಿಯ ಅಂಗಳದಲ್ಲಿ ಕೌದಿ ಹೊಲಿಯುವ ಗುಂಪು. ನನಗೂ ಕೌದಿ ಬರುತ್ತದೆ. ಸೂಜಿ ಹಿಡಿದು ಕೂತೆ. ಹಳೆ ಇಳಕಲ್ ಸೀರೆ, ಮಗುವಿನ ಅಂಗಿ, ಯಾರದೋ ಧೋತರ. ಪ್ರತಿ ತುಂಡಿಗೂ ಒಬ್ಬರ ಹೆಸರು ಇತ್ತು. "ಇದು ನಮ್ಮ ಸಣ್ಣ ನಾದಿನಿದು, ಆಕಿ ಲಗ್ನದ್ದು." ಯಾವ ಮನೆಯ ಹೆಣ್ಣು ಯಾವ ಊರಿಗೆ ಹೋಯಿತು, ಯಾವ ಊರಿಂದ ಬಂತು, ಎಲ್ಲ ಆ ಹೆಂಗಸರ ಬಾಯಲ್ಲಿದೆ. ನಾಲ್ಕು ತಲೆ ಹಿಂದಕ್ಕೂ ಹೋಗುತ್ತಾರೆ. ಆದರೆ ಗಮನಿಸಿದೆ. ಅತ್ತೆಯಂದಿರನ್ನು ಯಾರೂ ಹೆಸರು ಹಿಡಿದು ಹೇಳುತ್ತಿರಲಿಲ್ಲ. 'ನಮ್ಮತ್ತಿ', 'ಅವರತ್ತಿ', 'ದೊಡ್ಡಾಕಿ'.

ಬುಧವಾರ

ಅಣ್ಣ ಹೆಳವರಿಗೆ ಹೇಳಿ ಕಳಿಸಿದ್ದರು. ಸುಗ್ಗಿ ಹತ್ತಿರ ಬಂದ ಮೇಲೆ ಅವರು ಊರೂರು ತಿರುಗುತ್ತಾರೆ. ಪಕ್ಕದ ಊರಿನಲ್ಲಿ ಇಳಿದಿದ್ದರಂತೆ.

ಹೆಳವರ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಸಮುದಾಯ ಅದು. ಪ್ರತಿ ಹೆಳವರ ಮನೆಗೂ ಗೊತ್ತಾದ ಒಕ್ಕಲುಗಳಿರುತ್ತವೆ. ಕೆಲವು ವರ್ಷಕ್ಕೊಮ್ಮೆ ಬಂದು, ಬಾಗಿಲಲ್ಲಿ ನಿಂತು, ಮೂಲಪುರುಷನಿಂದ ಈಗಿನ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಪಾತ್ರೆ, ಹಣ ಕಾಣಿಕೆ. ಮೊದಲ ಹೆಳವ ನಡೆಯಲಾರದವನಾಗಿದ್ದ, ಅದಕ್ಕೇ ಎತ್ತಿನ ಮೇಲೆ ಕೂತು ಬರುವ ಪದ್ಧತಿ ಬಂತು ಅನ್ನುತ್ತಾರೆ.

ನಮ್ಮ ಮನೆಗೆ ಬಂದವರು ಮೋಟಾರ್ ಸೈಕಲ್ ಮೇಲೆ ಬಂದರು. ಅರವತ್ತು ದಾಟಿದ ಹಿರಿಯರು, ಕೆಂಪು ರುಮಾಲು. ಮಗ ಹಿಂದೆ ಕೂತಿದ್ದ. ಗಂಟೆ ಮಾತ್ರ ಹಳೆಯದು. ಅದನ್ನು ಮೂರು ಸಲ ಬಾರಿಸಿ, ಕಣ್ಣು ಮುಚ್ಚಿ ಶುರು ಮಾಡಿದರು. ಪುಸ್ತಕ ಕೈಯಲ್ಲಿತ್ತು, ತೆರೆಯಲಿಲ್ಲ. ಒಂಬತ್ತು ತಲೆಮಾರು. ಮೊದಲ ಹೆಸರಿಗೆ ಮುಂಚೆ "ಕಲ್ಯಾಣದ ಕಡಿಂದ ಬಂದವರು, ಹುಮನಾಬಾದ ವೀರಭದ್ರನ ಒಕ್ಕಲು" ಅಂದರು. ಮೈ ಜುಮ್ ಅಂದಿತು. ಕಲ್ಯಾಣದ ಮಾತನ್ನು ನಾನು ಪೆನ್ಸಿಲಿನಲ್ಲೇ ಬರೆದುಕೊಂಡೆ. ಈ ನಾಡಿನಲ್ಲಿ ಎಷ್ಟೋ ಮನೆಯವರು ಕಲ್ಯಾಣದಿಂದ ಬಂದವರು ಅನ್ನುತ್ತಾರೆ, ಇನ್ನೊಂದು ಆಧಾರ ಬೇಕು. ಆದರೆ ವೀರಭದ್ರನ ಮಾತು ಪೆನ್ನಿನಲ್ಲಿ ಬರೆದೆ. ನಾವು ಹೇಳದೆ ಅವರು ಹೇಳಿದ್ದು ಅದು.

ನನ್ನ ಹಾಳೆಯಲ್ಲಿ ಆರು ತಲೆಮಾರು ಇತ್ತು, ಈಗ ಒಂಬತ್ತಾಯಿತು. ಇದ್ದ ಆರೂ ಒಂದಕ್ಷರ ತಪ್ಪದೆ ಹೊಂದಿದವು. ಆದರೆ ಒಂಬತ್ತು ತಲೆಮಾರಿನಲ್ಲಿ ಒಂದೂ ಹೆಣ್ಣು ಹೆಸರಿಲ್ಲ.

ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಹೆಣ್ಣುಮಕ್ಕಳು ಇನ್ನೊಂದು ಮನಿ ಬೆಳಗವರಲ್ರಿ ಅಕ್ಕೋರ. ಹಿರ್ಯಾರು ಹಿಂಗ ಹೇಳಿಕೊಟ್ಟಾರ." ಆ ಇನ್ನೊಂದು ಮನೆಯ ಪುಸ್ತಕದಲ್ಲಿ ಇರ್ತಾರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಇಲ್ರಿ" ಅಂದರು. ಆಮೇಲೆ ಪುಸ್ತಕ ತೆರೆದು ಮುತ್ತಜ್ಜನ ಹೆಸರಿನ ಪಕ್ಕ ಬೆರಳಿಟ್ಟರು. ಅವರ ಅಜ್ಜ ಬರೆದಿದ್ದ ಒಂದು ಸಾಲು ಅಲ್ಲಿತ್ತು: 'ಹೊಳಿ ಆಚಿ ಹೆಣ್ಣು ತಂದಾರ.'

ನದಿಯ ಆಚೆ ದಡದಿಂದ ಬಂದ ಸೊಸೆ. ಹೆಸರಿಲ್ಲ, ದಿಕ್ಕು ಸಿಕ್ಕಿತು.

ಹೋಗುವ ಮುಂಚೆ ನನ್ನ ಮಗಳ ಹೆಸರು ಬರೆದುಕೊಳ್ಳಿ ಅಂತ ಕೇಳಿದೆ. ಅವರು ಅಣ್ಣನ ಮುಖ ನೋಡಿದರು. ಅಣ್ಣ "ಬರ್ಕೋರಿ" ಅಂದರು. ಬರೆದುಕೊಂಡದ್ದು ಅವರ ಮಗ, ಚಂದದ ದುಂಡು ಅಕ್ಷರ. ನಾನು ಕೊಟ್ಟ ಕಾಣಿಕೆ ಜಾಸ್ತಿಯೇನಲ್ಲ. ವೈನಿ ಒಂದು ಚೀಲ ಜೋಳ ಕೊಟ್ಟರು.

ಅಲ್ಲಿಂದ ಶಾಲೆಗೆ ಓಡಿದೆ. ಮಕ್ಕಳು ಹಾಳೆ ಹಿಡಿದು ಕಾಯುತ್ತಿದ್ದರು. ಒಬ್ಬಳು ಹುಡುಗಿಯ ಚೌಕ ಮಾತ್ರ ಖಾಲಿ. ಯಾಕವ್ವಾ ಅಂದೆ. "ನಮ್ಮವ್ವ ಆಯಿ ಹೆಸ್ರು ಹೇಳಂಗಿಲ್ರಿ. ಅತ್ತಿ ಹೆಸ್ರು ಬಾಯಿಲೆ ಆಡಬಾರ್ದಂತ. ನಮ್ಮ ತಂಗಿಗೆ ಅದೇ ಹೆಸ್ರು ಇಟ್ಟಾರಂತ್ರಿ. ಅದಕ್ಕ ಆಕಿಗೂ ಮನ್ಯಾಗ ಎಲ್ಲಾರೂ ಅವ್ವಕ್ಕ ಅಂತಾರ್ರಿ."

ನಾನು ಮಕ್ಕಳ ಬೆಂಚಿನ ಮೇಲೇ ಕೂತುಬಿಟ್ಟೆ.

ಅವ್ವಕ್ಕ. ನಮ್ಮ ಅವ್ವಕ್ಕತ್ತೆ. ಅರವತ್ತು ವರ್ಷ ಆ ಹೆಸರು ಕರೆದಿದ್ದೇನೆ. ಅದು ಹೆಸರಲ್ಲ, ಹೆಸರನ್ನು ಮುಚ್ಚಿದ ಮುಸುಕು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ತೀರಿಹೋದ ಅತ್ತೆಯ ಹೆಸರನ್ನು ಸೊಸೆ ತನ್ನ ಮಗಳಿಗೆ ಇಡುತ್ತಾಳೆ. ಇಟ್ಟ ಮೇಲೆ ಆ ಹೆಸರು ಹಿಡಿದು ಮಗಳನ್ನು ಗದರಿಸುವುದು ಹೇಗೆ? ಹಾಗಾಗಿ ಅವ್ವ, ಅವ್ವಕ್ಕ. ಮುತ್ತಜ್ಜಿಯನ್ನು ಯಾರೂ ಮರೆತಿರಲಿಲ್ಲ. ಗೌರವ ಜಾಸ್ತಿಯಾಗಿ ಹೆಸರು ಬಾಯಿಗೆ ಬರಲಿಲ್ಲ, ಅಷ್ಟೇ. ಅವ್ವಕ್ಕತ್ತೆಯ ಆಧಾರ್ ಕಾರ್ಡಿನಲ್ಲಿ ಇರುವುದು ಲಗ್ನದಲ್ಲಿ ಗಂಡನ ಮನೆಯವರು ಬದಲಿಸಿ ಇಟ್ಟ ಹೆಸರು. ತೊಟ್ಟಿಲಲ್ಲಿ ಇಟ್ಟದ್ದು ಬೇರೆ ಇರಲೇಬೇಕು.

ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅತ್ತೆಗೆ ಕಿವಿ ಮಂದ. ಅವರ ಮಗ ಪಕ್ಕದಲ್ಲಿದ್ದು ಕಿವಿ ಹತ್ತಿರ ಹೇಳಬೇಕು. ಅವನು ಪ್ರವಾಸದಲ್ಲಿದ್ದ. ಶುಕ್ರವಾರ ಮಧ್ಯಾಹ್ನ ಮನೆಯಲ್ಲಿರುತ್ತೇನೆ ಅಂದ.

ಗುರುವಾರ

ದಾಖಲೆ ಕೋಣೆಗೆ ನನ್ನ ಜೊತೆ ಒಬ್ಬ ಹಿರಿಯರು ಬಂದರು. ನಿವೃತ್ತ ಉರ್ದು ಮಾಸ್ತರ್, ಗೆಳತಿಯ ಪರಿಚಯದವರು. ವಾರಕ್ಕೆರಡು ದಿನ ಹೀಗೆ ಹಳೆ ಕಾಗದ ಓದಿಕೊಡುತ್ತಾರೆ. ಹಣ ಮುಟ್ಟಲ್ಲ. ತಂದಿದ್ದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯವನ್ನು ಮಾತ್ರ ಸಂತೋಷದಿಂದ ಹಂಚಿಕೊಂಡರು. ಇಂಥ ಓದುಗರು ಇನ್ನೆಷ್ಟು ಜನ ಉಳಿದಿದ್ದಾರೆ? ಕಾಗದ ಸ್ಕ್ಯಾನ್ ಆಗಬಹುದು. ಆ ಅವಸರದ ಕೈಬರಹ ಓದುವ ಕಣ್ಣನ್ನು ಸ್ಕ್ಯಾನ್ ಮಾಡಲು ಬರಲ್ಲ. ನಾನು ಈ ವರ್ಷ ಉರ್ದು ಅಕ್ಷರ ಕಲಿಯಲು ಶುರು ಮಾಡುತ್ತೇನೆ.

ಇಲ್ಲಿಂದ ದೂರವಿಲ್ಲದ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಅಲ್ಲಿಯ ಘಟಿಕಾಸ್ಥಾನದ, ಅಂದರೆ ಆಗಿನ ವಿದ್ಯಾಕೇಂದ್ರದ ಗುರುಗಳು, ವಿದ್ಯಾರ್ಥಿಗಳ ಜೊತೆಗೆ ಆರು ಜನ ಸರಸ್ವತಿ ಭಂಡಾರಿಗರನ್ನೂ ಲೆಕ್ಕ ಹಾಕಿ ಹೇಳುತ್ತದೆ. ಪುಸ್ತಕ ಕಾಯುವವರು. ಸುಮಾರು ಸಾವಿರ ವರ್ಷದ ಹಿಂದೆಯೇ ಅವರಿಗೂ ಜೀವನಕ್ಕೆ ದತ್ತಿ ಬಿಟ್ಟಿದ್ದರು. ಮಾಸ್ತರ್ ಕನ್ನಡಕ ಒರೆಸಿಕೊಳ್ಳುವುದನ್ನು ನೋಡುತ್ತಾ ನನಗೆ ಆ ಆರು ಜನ ನೆನಪಾದರು.

ಕಟ್ಟು ಬಂತು. ಒಂದೊಂದೇ ಹಾಳೆ. ಹನ್ನೊಂದೂವರೆಯಿಂದ ಮೂರು ಗಂಟೆಯವರೆಗೆ. 1329 ಫಸಲಿಯ ಹಾಳೆಯಲ್ಲಿ ನಮ್ಮ ಸರ್ವೆ ನಂಬರ್ ಬಂತು. 1919–20ರ ವರ್ಷ. ಮಾಸ್ತರ್ ಬೆರಳು ಬಲದಿಂದ ಎಡಕ್ಕೆ ಸರಿಯಿತು, ನಿಂತಿತು. "ಬೇವಾ" ಅಂದರು. ಅದರ ಮುಂದೆ ಮುತ್ತಜ್ಜನ ಹೆಸರನ್ನು ಸ್ಪಷ್ಟವಾಗಿ ಓದಿದರು.

ಬೇವಾದ ಹಿಂದೆ ಅವಳ ಹೆಸರು.

"ಕೊನಿಗೆ ಬಾಯಿ ಅಂತ ಅದ, ಅದರಾಗ ಏನೂ ಅನುಮಾನ ಇಲ್ರಿ ಮೇಡಂ. ಮೊದಲಿಂದು ಮಾತ್ರ ಚುಕ್ಕಿ ಇಟ್ಟಿಲ್ಲ." ಉರ್ದುವಿನಲ್ಲಿ ಬ, ಪ, ತ, ನ ಈ ನಾಲ್ಕು ಅಕ್ಷರ ಪದದ ಮೊದಲಲ್ಲಿ ಬಂದಾಗ ಮೈ ಒಂದೇ, ಚುಕ್ಕಿಯಲ್ಲಿ ಮಾತ್ರ ವ್ಯತ್ಯಾಸ. ಅವಸರದಲ್ಲಿ ಬರೆದ ಗುಮಾಸ್ತ ಚುಕ್ಕಿ ಬಿಟ್ಟಿದ್ದ. ಮಾಸ್ತರ್ ಮೂರು ರೀತಿಯಲ್ಲಿ ಓದಿ ತೋರಿಸಿದರು. ಅದರಲ್ಲಿ ಒಂದು ನಮ್ಮೂರ ಹೊಳೆಯ ಹೆಸರು. ನನಗೆ ಅದೇ ಆಗಲಿ ಅನ್ನಿಸಿತು. ಆಗಲಿ ಅನ್ನಿಸಿದ್ದನ್ನೇ ಬರೆದುಬಿಡುವುದು ಈ ಕೆಲಸದಲ್ಲಿ ದೊಡ್ಡ ತಪ್ಪು. ಮೂರನ್ನೂ ಪೆನ್ಸಿಲಿನಲ್ಲಿ ಬರೆದುಕೊಂಡೆ.

ಶುಕ್ರವಾರ

ಎಳ್ಳ ಅಮವಾಸ್ಯೆ. ಊರಿಗೆ ಊರೇ ಹೊಲದಲ್ಲಿತ್ತು. ಟ್ರ್ಯಾಕ್ಟರ್, ಟಂಟಂ, ಅಲ್ಲೊಂದು ಇಲ್ಲೊಂದು ಎತ್ತಿನ ಬಂಡಿ. ವೈನಿ ಎರಡು ದಿನದಿಂದ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಮಾಡಿಟ್ಟಿದ್ದರು. ಹಸಿ ಕಡಲೆ, ತೊಗರಿಕಾಳು, ಅವರೆ, ಸೊಪ್ಪು ಎಲ್ಲ ಹಾಕಿದ ಭಜ್ಜಿ ಒಂದು ದೊಡ್ಡ ಬೋಗುಣಿ ತುಂಬ. ಜೋಳದ ದಂಟಿನ ಗೂಡು ಕಟ್ಟಿ, ಒಳಗೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ ಮಾಡಿದರು. ಪಾಂಡವರು ಅನ್ನುತ್ತಾರೆ. ಅಣ್ಣ ಹೊಲದ ಸುತ್ತ ಚರಗ (ಭೂಮಿಗೆ ಅರ್ಪಿಸುವ ಅಡುಗೆ) ಚೆಲ್ಲುತ್ತಾ ಹೋದರು. ಹಿಂದೆ ನೀರು ಚಿಮುಕಿಸುತ್ತಾ ನಾನು.

ಇದು ಅದೇ ಸರ್ವೆ ನಂಬರಿನ ಹೊಲ. ಬದುವಿನ ಮೇಲೆ ನಿಂತರೆ ಹೊಳೆ ಕಾಣುತ್ತದೆ, ಆಚೆ ದಡವೂ ಕಾಣುತ್ತದೆ.

ಊಟದ ನಡುವೆ ಫೋನ್ ಬಂತು. ಅತ್ತೆಯ ಮಗ ಸ್ಪೀಕರ್ ಹಾಕಿದ. ನಾನು ಯಾವ ಹೆಸರನ್ನೂ ಹೇಳಲಿಲ್ಲ. ಹೇಳಿದರೆ ಅದೇ ಇರಬಹುದು ಅಂದುಬಿಡುತ್ತಾರೆ. ಒಂದೇ ಪ್ರಶ್ನೆ ಕೇಳಿದೆ. "ಅತ್ತೆ, ನಿಮ್ಮ ತೊಟ್ಟಿಲ ಹೆಸರು ಏನು?"

ಅವನು ಅವರ ಕಿವಿಯ ಹತ್ತಿರ ಎರಡು ಸಲ ಹೇಳಿದ. ಆ ಕಡೆ ಸದ್ದಿಲ್ಲ. ಆಮೇಲೆ ಅತ್ತೆ ಮೆಲ್ಲಗೆ, ಬೇರೆ ಯಾರದೋ ಹೆಸರು ಹೇಳುವ ಹಾಗೆ ಹೇಳಿದರು. ಹೊಳೆಯ ಹೆಸರು, ಅದರ ಹಿಂದೆ ಬಾಯಿ.

ವೈನಿ ಬಾಯಿಗೆ ಸೆರಗು ಹಿಡಿದರು. ಅಣ್ಣ ತಿನ್ನುವುದನ್ನು ನಿಲ್ಲಿಸಿದರು. ನಾನು ಕಾಗದದ ಮಾತು, ಮಾಸ್ತರ ಮಾತು, ಶಾಲೆಯ ಹುಡುಗಿಯ ಮಾತು ಎಲ್ಲ ಹೇಳಿದೆ. ಮಗ ಒಂದೊಂದನ್ನೂ ಕಿವಿಗೆ ಮುಟ್ಟಿಸಿದ. "ನನ್ನ ಹೆಸ್ರು ಅಂತ ಗೊತ್ತಿತ್ತವ್ವ" ಅಂದರು ಅತ್ತೆ. "ಯಾರ ಹೆಸ್ರು ಅಂತ ಯಾರೂ ಹೇಳಿರ್ಲಿಲ್ಲ."

ಬ್ಯಾಗಿನಿಂದ ಹಾಳೆ ತೆಗೆದು, ರೊಟ್ಟಿಯ ಬುಟ್ಟಿ ಮಗುಚಿ ಹಾಕಿ ಅದರ ಮೇಲಿಟ್ಟುಕೊಂಡು, ಪೆನ್ನಿನಲ್ಲಿ ಬರೆದೆ. ಬರೆದದ್ದನ್ನು ಓದು ಅಂದರು ಅತ್ತೆ. ಓದಿದೆ. ಇನ್ನೊಮ್ಮೆ ಅಂದರು. ಇನ್ನೊಮ್ಮೆ ಓದಿದೆ.

"ಆಕಿ ತವರುಮನಿ ಯಾವುದು?"

ಹೊಳೆ ಆಚೆ ಅಂತ ಹೆಳವರ ಪುಸ್ತಕದಲ್ಲಿದೆ, ಊರು ಗೊತ್ತಿಲ್ಲ ಅಂದೆ.

"ಮತ್ತ ಅಲ್ಲೇ ಅದೀಯಲ್ಲ, ದಾಟಿ ಹೋಗಿ ಕೇಳು."

ಅಣ್ಣ ಆಗಲೇ ಎದ್ದು ಕೈ ತೊಳೆದುಕೊಳ್ಳುತ್ತಿದ್ದರು. ಆಚೆ ದಡದ ಮೊದಲ ಊರಿನಲ್ಲಿ ಅವರಿಗೆ ಒಬ್ಬ ಬೀಗರಿದ್ದಾರಂತೆ. ರಾತ್ರಿ ರೈಲಿಗೆ ಇನ್ನೂ ಏಳು ಗಂಟೆ ಇತ್ತು.